ಗೇಮು ಕೊಳ್ಳುವ ಮುಂಚೆ ಮಾರುವ ಲೆಕ್ಕ

ಟೋಕಿಯೋಗೆ ಬಂದ ಹೊಸದರಲ್ಲಿ ಗೇಮುಗಳನ್ನೆಲ್ಲ ಡೌನ್‌ಲೋಡ್ ಮಾಡಿಯೇ ಕೊಳ್ಳುತ್ತಿದ್ದೆ. ಅಂಗಡಿಗೆ ಹೋಗಬೇಕಿಲ್ಲ, ಡಬ್ಬಿ ಇಡಲು ಜಾಗ ಹುಡುಕಬೇಕಿಲ್ಲ. ನಿಶಿಕಸಾಯ್‌ನ ನಮ್ಮ ಮನೆಯಲ್ಲಿ ಚಪ್ಪಲಿ ಬಿಡುವುದಕ್ಕೇ ಜಾಗ ಸಾಲದು. ಒಂದು ದಿನ ಆಫೀಸಿನಲ್ಲಿ ಪಕ್ಕದ ಸೀಟಿನವರಿಗೆ ಈ ವಿಷಯ ಹೇಳಿದೆ. ಅವರು ಅಯ್ಯೋ ಪಾಪ ಅನ್ನೋ ಹಾಗೆ ನನ್ನ ಮುಖ ನೋಡಿದರು. "ಆಡಿ ಮುಗಿಸಿದ ಮೇಲೆ ಮಾರೋದು ಹೇಗೆ?"

ಅವರಿಗೆ ನಲವತ್ತು ದಾಟಿದೆ, ಇಬ್ಬರು ಮಕ್ಕಳು. ಸಂಬಳ ಪೂರ್ತಿ ಹೆಂಡತಿಯ ಕೈಗೆ. ತಿಂಗಳಿಗಿಷ್ಟು ಅಂತ ಕೈಖರ್ಚಿಗೆ ವಾಪಸ್ ಸಿಗುತ್ತದೆ. ಅದಕ್ಕೆ ಇಲ್ಲಿ 'ಒಕೊಜುಕಾಯ್' ಅನ್ನುತ್ತಾರೆ. ಮಕ್ಕಳ ಪಾಕೆಟ್ ಮನಿಗೂ ಅದೇ ಪದ! ಮಧ್ಯಾಹ್ನದ ಊಟ, ಕಾಫಿ, ಗೇಮು ಎಲ್ಲ ಅದರಲ್ಲೇ ಆಗಬೇಕು. ಇಂಥವರು ಬೆಲೆ ಇಳಿಯುವ ತನಕ ಕಾಯುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಬಿಡುಗಡೆಯ ದಿನವೇ ಕೊಳ್ಳುತ್ತಾರೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಬೇಗ ಬೇಗ ಮುಗಿಸುತ್ತಾರೆ. ಬೆಲೆ ಬೀಳುವ ಮೊದಲೇ ಮಾರಿಬಿಡುತ್ತಾರೆ.

ನಾನೂ ಮಾಡಿ ನೋಡಿದೆ. 7,900 ಯೆನ್‌ಗೆ ಕೊಂಡ ಗೇಮನ್ನು ಮೂರೇ ವಾರದಲ್ಲಿ ಮುಗಿಸಿ ಹಳೆ ಗೇಮು ಕೊಳ್ಳುವ ಅಂಗಡಿಗೆ ಒಯ್ದೆ. ಕೌಂಟರಿನ ಹುಡುಗ ಡಬ್ಬಿ ತೆರೆದು, ಡಿಸ್ಕನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ಗೀರು ಹುಡುಕಿದ. ಒಳಗಿನ ಚೀಟಿ ಇದೆಯಾ ನೋಡಿದ. ಡಬ್ಬಿಯ ಮೂಲೆ ಸವರಿದ. ಆಮೇಲೆ ನನ್ನ ವಾಸದ ಕಾರ್ಡು ಕೇಳಿದ, ವಿದೇಶಿಯರಿಗೆ ಇಲ್ಲಿ ಅದೇ ಗುರುತಿನ ಚೀಟಿ. ಬೇರೆ ಹಳೆ ಸಾಮಾನಾದರೆ 10,000 ಯೆನ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಗುರುತಿನ ಚೀಟಿ ಬೇಡ. ಗೇಮಿನಂಥ ಕೆಲವಕ್ಕೆ ಮಾತ್ರ ಎಷ್ಟೇ ಕಡಿಮೆ ಇದ್ದರೂ ಬೇಕು, ಕದ್ದ ಮಾಲು ಬರಬಾರದು ಅಂತ ಕಾನೂನು. ಕೊನೆಗೆ 5,200 ಯೆನ್ ಕೈಗೆ ಬಂತು. ಮೂರು ವಾರದ ಆಟಕ್ಕೆ 2,700 ಯೆನ್. ಬೆಂಗಳೂರಿನಲ್ಲಿ ಓದುವಾಗ ಅವೆನ್ಯೂ ರೋಡಿನಲ್ಲಿ ಸೆಮಿಸ್ಟರ್ ಮುಗಿದ ಪುಸ್ತಕ ಮಾರುತ್ತಿದ್ದೆವಲ್ಲ, ಅದೇ ಖುಷಿ.

ಈ ವ್ಯಾಪಾರ ಇಷ್ಟು ನಿರಾಳವಾಗಿ ನಡೆಯುವುದಕ್ಕೆ ಹಿಂದೊಂದು ಜಗಳ ಇದೆ. ಹಳೆ ಗೇಮು ಮಾರುವುದನ್ನು ನಿಲ್ಲಿಸಿ ಅಂತ ಗೇಮು ಕಂಪನಿಗಳು ಕೋರ್ಟಿಗೆ ಹೋಗಿದ್ದವು. 2002ರ ಏಪ್ರಿಲ್ 25ರಂದು ಜಪಾನಿನ ಸುಪ್ರೀಂ ಕೋರ್ಟ್ ಅಂಗಡಿಗಳ ಪರ ತೀರ್ಪು ಕೊಟ್ಟಿತು. ಒಮ್ಮೆ ಮಾರಿದ ಪ್ರತಿಯನ್ನು ಮತ್ತೆ ಮಾರುವುದಕ್ಕೆ ಕಂಪನಿ ಅಡ್ಡ ಬರುವ ಹಾಗಿಲ್ಲ. ಬುಕ್ ಆಫ್, ಗೇಓ ಅಂಗಡಿಗಳಲ್ಲಿ ಹಳೆ ಗೇಮಿನ ಸಾಲು ನೋಡಿದಾಗ ನನಗೆ ಈ ತೀರ್ಪು ನೆನಪಾಗುತ್ತದೆ.

ಈಗ ನನ್ನ ಪದ್ಧತಿ ಹೀಗೆ. ಕಥೆ ಇದ್ದು ಒಂದೇ ಸಲ ಆಡುವ ಗೇಮಾದರೆ ಡಬ್ಬಿಯಲ್ಲೇ ಕೊಳ್ಳುವುದು, ಅದೂ ಪಾಯಿಂಟ್ ಕೊಡುವ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಮಗಳ ಜೊತೆ ದಿನಾ ಹತ್ತು ನಿಮಿಷ ಆಡುವಂಥದ್ದನ್ನು ಮಾತ್ರ ಡೌನ್‌ಲೋಡ್ ಮಾಡುವುದು. ಅದಕ್ಕೂ ಕನ್ವೀನಿಯನ್ಸ್ ಸ್ಟೋರಿನಲ್ಲಿ ನಗದು ಕೊಟ್ಟು ಪ್ರೀಪೇಯ್ಡ್ ಕಾರ್ಡು ತರುತ್ತೇನೆ, ಆಗ ಖರ್ಚು ಕಣ್ಣಿಗೆ ಕಾಣುತ್ತದೆ. ಮುಂಚೆ ಬೆಂಗಳೂರಿನ ಕ್ರೆಡಿಟ್ ಕಾರ್ಡನ್ನೂ ಬಳಸುತ್ತಿದ್ದೆ. 2025ರ ಮಾರ್ಚ್ 25ರಿಂದ ಗೇಮು ಕಂಪನಿ ನಿಂಟೆಂಡೊದ ಜಪಾನಿ ಆನ್‌ಲೈನ್ ಅಂಗಡಿ ಹೊರದೇಶದ ಕಾರ್ಡು ತೆಗೆದುಕೊಳ್ಳುವುದಿಲ್ಲ.

ಒಂದು ಸಲ ಕೈ ಸುಟ್ಟುಕೊಂಡಿದ್ದೂ ಇದೆ. ಅಗ್ಗ ಅಂತ ಹಳೆಯ ಆರ್‌ಪಿಜಿ, ಅಂದರೆ ಕಥೆಯ ಪಾತ್ರವಾಗಿ ಊರೂರು ಸುತ್ತುವ ಗೇಮು ಒಂದನ್ನು 980 ಯೆನ್‌ಗೆ ತಂದೆ. ಇಲ್ಲಿ ಮಾರುವ ಎಷ್ಟೋ ಗೇಮುಗಳಲ್ಲಿ ಇಂಗ್ಲಿಷ್ ಇರುತ್ತದೆ, ಇದರಲ್ಲಿ ಇರಲಿಲ್ಲ. ಪರದೆ ತುಂಬ ಜಪಾನಿನ ಕಾಂಜಿ ಅಕ್ಷರ. ಆಟದ ಮೊದಲ ಊರಿನಲ್ಲೇ ಎರಡು ಸಂಜೆ ಕಳೆದೆ, ಊರ ಬಾಗಿಲು ದಾಟಲಿಲ್ಲ. ಯಾವ್ಯಾವ ಭಾಷೆ ಇದೆ ಅಂತ ಕಂಪನಿಯ ಪೇಜಿನಲ್ಲಿ ನೋಡದೆ ಈಗ ಏನೂ ಕೊಳ್ಳಲ್ಲ.

ಆದರೂ ನಿಂಟೆಂಡೊದ ಹೊಸ ಗೇಮ್ ಯಂತ್ರ ಸ್ವಿಚ್ 2 ಬಂದ ಮೇಲೆ ಜಪಾನಿ ಭಾಷೆಯದ್ದನ್ನೇ ಕೊಂಡೆ. ಬಿಡುಗಡೆಯಾದಾಗ ಅದಕ್ಕೆ 49,980 ಯೆನ್ ಇತ್ತು, ಎಲ್ಲ ಭಾಷೆ ಇರುವುದಕ್ಕೆ 69,980. ಯಾರಿಗೆ ಮಾರುವುದು ಅಂತ ಲಾಟರಿ ಎತ್ತುತ್ತಿದ್ದರು, ಮೊದಲ ಲಾಟರಿಗೆ ಅರ್ಜಿ ಹಾಕುವುದಕ್ಕೂ ಆಗಲಿಲ್ಲ. ಹಳೆ ಸ್ವಿಚ್‌ನಲ್ಲಿ 50 ಗಂಟೆ ಆಡಿರಬೇಕು, ಒಟ್ಟು ಒಂದು ವರ್ಷದ ಆನ್‌ಲೈನ್ ಸದಸ್ಯತ್ವ ಇರಬೇಕು ಅನ್ನೋದು ಷರತ್ತು. ಆಟದಲ್ಲಿ ನಾನು ಪಾಸು, ಸದಸ್ಯತ್ವಕ್ಕೆ ಜಿಪುಣತನ ಮಾಡಿದ್ದೆ. ಜಪಾನಿನಲ್ಲೇ ಸುಮಾರು 22 ಲಕ್ಷ ಜನ ಅರ್ಜಿ ಹಾಕಿದ್ದರಂತೆ, ನನ್ನದೂ ಇದ್ದಿದ್ದರೆ ಏನು ಸಿಗುತ್ತಿತ್ತೋ! ತಿಂಗಳುಗಳಾದ ಮೇಲೆ ಅಂಗಡಿಯಲ್ಲೇ ಸಿಕ್ಕಿತು.

"20,000 ಉಳಿಸಿದ್ರಿ ಸರಿ, ರೀ, ಓದೋದು ಯಾರು?" ಅಂದಳು ಹೆಂಡತಿ. ಮಗಳು ಇಲ್ಲಿನ ಶಾಲೆಯಲ್ಲಿ ಮೂರನೇ ಕ್ಲಾಸು, ಪಕ್ಕದಲ್ಲೇ ಕೂತಿದ್ದಳು. ನಾನು ಧೈರ್ಯವಾಗಿ ಬಟನ್ ಒತ್ತಲು ಹೋದೆ.

"ಅಪ್ಪಾ, ಅದು ಸೇವ್ ಅಲ್ಲ, ಡಿಲೀಟ್!"