ಫೋರ್ಕ್‌ಲಿಫ್ಟ್ ಮ್ಯಾಲಿನ ಕಂಪ್ಯೂಟರಿಗೆ ವೈಫೈ, ಲೇಬಲ್ ಪ್ರಿಂಟರ್ ಜೋಡಸೋದು ಹೆಂಗ

ನಮ್ಮ ವಿಜಯಪುರದಾಗ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಹುಡುಗ್ರು ಒಂದೊಂದು ಲೇಬಲ್‌ಗೂ ಗಾಡಿ ಇಳದು ಆಫೀಸಿಗೆ ಓಡೂದು ನೋಡಿದ್ರ ಸಂಕಟ ಆಗತೈತ್ರಿ, ಒಳಗ ಥಂಡಿ, ಹೊರಗ ಬ್ಯಾಸಗಿ ಬಿಸಲು. ಗಾಡಿ ಮ್ಯಾಲೆ ವಿಂಡೋಸ್ 10 ಕಂಪ್ಯೂಟರ್ ಐತಿ, ಪ್ರಿಂಟರ್‌ನ್ಯಾಗ ವೈಫೈ ಐತಿ ಅಂದ್ರ ಸೀಟಿನ ಮ್ಯಾಲೆ ಕುಂತ ಪ್ರಿಂಟ್ ಕೊಡಬಹುದು.

ಮೊದಲ ಕರೆಂಟ್ ನೋಡ್ರಿ. ಬ್ಯಾಟರಿ ಗಾಡಿ ಭಾಳ ಅವು 48 ವೋಲ್ಟಿನವು, ಕಂಪ್ಯೂಟರಿನ ಹಿಂದ 12–24 ವೋಲ್ಟ್ ಅಂತ ಬರದಿತ್ತಂದ್ರ ನಡುವ ವೋಲ್ಟ್ ಇಳಸೂ ಡಿಸಿ ಕನ್ವರ್ಟರ್ ಬೇಕ ಬೇಕು.

ಆಮ್ಯಾಲೆ ವೈಫೈ. ಕೋಲ್ಡ್ ರೂಮಿನ ಪಫ್ ಪ್ಯಾನೆಲ್‌ಗೆ (ಥಂಡಿ ಹಿಡದಿಡೂ ಫೋಮ್ ಗ್ವಾಡಿಗೆ) ಎರಡೂ ಕಡೆ ತಗಡು ಇರತೈತಿ, ಬಾಗಲಾ ಹಾಕಿದ ಕೂಡಲೇ ಹೊರಗಿನ ಸಿಗ್ನಲ್ ಕಟ್ ಆದಂಗ ಆಗತೈತಿ, ಅದಕ್ಕ ಒಂದೊಂದು ರೂಮಿನ ಒಳಗೂ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡೂ ಡಬ್ಬಿ) ಹಾಕಸ್ರಿ, ಇದರಾಗ ರೊಕ್ಕ ಉಳಸಾಕ ಹೋಗಬ್ಯಾಡ್ರಿ. ಎಲ್ಲಾದಕ್ಕೂ ಹೆಸರು ಒಂದ, ಪಾಸ್‌ವರ್ಡ್ ಒಂದ. 2.4 ಗಿಗಾಹರ್ಟ್ಸ್ ಇಟ್ರ ಚಾನೆಲ್ 1, 6, 11 ಇಷ್ಟರಾಗ ಹಂಚ್ರಿ. ಗೆಸ್ಟ್ ವೈಫೈಗೆ ಮಾತ್ರ ಕೂಡಿಸಬ್ಯಾಡ್ರಿ, ಅದರಾಗ ಸಾಮಾನ್ಯವಾಗಿ ಒಂದು ಮಷಿನ್ ಇನ್ನೊಂದಕ್ಕ ಕಾಣೂದಿಲ್ಲ, ಪ್ರಿಂಟರ್ ಸಿಗೂದಿಲ್ಲ.

ಕಂಪ್ಯೂಟರಿನ್ಯಾಗ ಡಿವೈಸ್ ಮ್ಯಾನೇಜರ್ ತಗದು ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್‌ನ್ಯಾಗ ಕರೆಂಟ್ ಉಳಸಾಕ ಬಂದ್ ಮಾಡೂ ಟಿಕ್ ತಗದ ಬಿಡ್ರಿ. ಅಲ್ಲೇ ಅಡ್ವಾನ್ಸ್‌ಡ್ ಒಳಗ ರೋಮಿಂಗ್ ಅಗ್ರೆಸಿವ್‌ನೆಸ್ ಅಂತ ಇದ್ರ ಒಂದ್ ಮೆಟ್ಟಲಾ ಏರಸ್ರಿ, ಇಲ್ಲಾಂದ್ರ ಗಾಡಿ ನಾಕನೇ ರೂಮಿಗೆ ಹೋದ್ರೂ ಅದು ಒಂದನೇ ರೂಮಿನ ಸಿಗ್ನಲ್ಲನ್ನ ಹಿಡಕೊಂಡ ಕುಂತಿರತೈತಿ.

ಪ್ರಿಂಟರ್ ಥಂಡಿ ಒಳಗ ಇಡಬ್ಯಾಡ್ರಿ, ಹೊರಗ ತಂದಾಗ ನೀರ ಹನಿ ಕೂಡತಾವು, ಲೋಡಿಂಗ್ ಜಾಗಾದಾಗ ಇಡ್ರಿ. ಅದರ ಮ್ಯಾಕ್ ಅಡ್ರೆಸ್ (ಮಷಿನ್ನಿನ ಗುರುತಿನ ನಂಬರ್) ಬರಕೊಂಡು ರೂಟರಿನ್ಯಾಗ ಒಂದ ಐಪಿ (ನೆಟ್‌ವರ್ಕಿನ್ಯಾಗಿನ ವಿಳಾಸ) ಕಾಯಂ ಮಾಡ್ರಿ. ನನ್ನ ಅನುಭವದಾಗ "ನಿನ್ನೆ ಬರತಿತ್ತು, ಇವತ್ತ ಬರವಲ್ದು" ಅಂತ ಫೋನ್ ಬಂದ್ರ ಬಹಳ ಸಲ ಐಪಿ ಬದಲಾಗಿರೂದ ಕಾರಣ.

ಪ್ರಿಂಟರ್ ಸೇರಸೂ ಮುಂದ ತಾನಾಗೆ ಹುಡುಕಿ ತೋರಸೂದನ್ನ ಒತ್ತಬ್ಯಾಡ್ರಿ. ಲಿಸ್ಟಿನ್ಯಾಗ ಇಲ್ಲ ಅಂತ ಕೊಟ್ಟು, ಟಿಸಿಪಿ ಐಪಿ ಆರಿಸಿ, ಆ ಕಾಯಂ ಐಪಿ ಹಾಕಿ, ಪೋರ್ಟ್ 9100, ಪ್ರೋಟೋಕಾಲ್ ರಾ ಇಡ್ರಿ. ಚಾಲೂ ಇದ್ದ ಪ್ರಿಂಟರ್ ಆಫ್‌ಲೈನ್ ಅಂತ ತೋರಸಿದ್ರ ಪೋರ್ಟ್ ಸೆಟ್ಟಿಂಗಿನ್ಯಾಗ ಎಸ್‌ಎನ್‌ಎಂಪಿ (ಪ್ರಿಂಟರ್ ಸ್ಥಿತಿ ವಿಚಾರಸೂದು) ಟಿಕ್ ತಗೀರಿ. ಲೇಬಲ್ ಅಳತಿ ಡ್ರೈವರಿನ್ಯಾಗೂ ರೋಲಿನ್ಯಾಗೂ ಒಂದ ಇರಬೇಕು, ಇಲ್ಲಂದ್ರ ಖಾಲಿ ಲೇಬಲ್ ಬರತಾವು.

ಟೆಸ್ಟ್ ಆಫೀಸಿನ ಮುಂದ ನಿಂತು ಮಾಡಬ್ಯಾಡ್ರಿ. ಗಾಡಿ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನ್ಯಾಗ ಪಿಂಗ್ ಹೈಫನ್ ಟಿ ಕೊಟ್ಟು ಪ್ರಿಂಟರಿನ ಐಪಿ ಹಾಕಿ, ಬಾಗಲಾ ಹಾಕಿಸಿ, ಬಾಕ್ಸ್ ತುಂಬಿದ ರೂಮಿನ ಕಡೀ ಮೂಲಿ ತನಕಾ ಗಾಡಿ ಓಡಸ್ರಿ, ಟೈಮ್‌ಔಟ್ ಎಲ್ಲಿ ಸಾಲಾಗಿ ಬರತಾವೋ ಅಲ್ಲೇ ಸಿಗ್ನಲ್ ಕಡಿಮಿ. ಅಲ್ಲಿಂದನ ಒಂದ್ ಲೇಬಲ್ ಕೊಡ್ರಿ, ಗಾಡಿ ಬಂದ್ ಮಾಡಿ ಚಾಲೂ ಮಾಡಿ ಇನ್ನೊಂದು ಕೊಡ್ರಿ, ಎರಡೂ ಬಂದಿದ್ರ ಚಾವಿ ಡ್ರೈವರ್ ಕೈಯಾಗ ಕೊಡ್ರಿ.