ಹೋಟೆಲ್ ಲಾಬಿ ಬಿಟ್ಟು ರಣಜಿ ಬೌಂಡರಿ ಹಿಡಿದೆ: ನನ್ನ ಆಟೋಗ್ರಾಫ್ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಹತ್ರ ಈಗ ಆಟಗಾರರ ಸುಮಾರು ನೂರಾ ನಲವತ್ತು ಸಹಿ ಇದೆ, ಒಂದನ್ನೂ ದುಡ್ಡು ಕೊಟ್ಟು ತಗೊಂಡಿಲ್ಲ, ಒಂದಕ್ಕೂ ಯಾರ ವಶೀಲಿ ಹಚ್ಚಿಲ್ಲ. ಎಲ್ಲಾ "ಅಕಸ್ಮಾತ್" ಸಿಕ್ಕಿದ್ದೇ, ಹೆಚ್ಚಿನವು ರಣಜೀಲಿ, ಅಂದ್ರೆ ರಾಜ್ಯ ತಂಡಗಳ ಕ್ರಿಕೆಟ್ ಟೂರ್ನೀಲಿ. ಆ ಅಕಸ್ಮಾತ್‌ಗೆ ಎಷ್ಟು ತಯಾರಿ ಮಾಡ್ಕೋಬೇಕು ಅನ್ನೋದನ್ನ ಬರೀತಾ ಇದೀನಿ, ಯಾಕಂದ್ರೆ ನಮ್ಮ ಗ್ಯಾಂಗಲ್ಲಿ ಒಬ್ಬ ಗೆಳೆಯ "ರಣಜಿಗೆ ಯಾರ್ ಬರ್ತಾರೆ ಮಗಾ, ಕಾಗೆ ಬರ್ತವೆ" ಅಂತ ಏಳು ವರ್ಷ ಆಡ್ಕೊಂಡ. ಹೋದ ತಿಂಗಳು ಅವನೇ ಫೋನ್ ಮಾಡಿ "ಮುಂದಿನ ಮ್ಯಾಚಿಗೆ ನನ್ನೂ ಕರ್ಕೊಂಡ್ ಹೋಗೋ" ಅಂದ.

ನಂದು ಮೈಸೂರಲ್ಲಿ ಒಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. 2015, 16ರ ಐಪಿಎಲ್ ಸೀಸನ್ ಪೂರ್ತಿ ನಾನೂ ಎಲ್ರ ಥರ ಹೋಟೆಲ್ ಮುಂದೆ, ಏರ್‌ಪೋರ್ಟ್ ಮುಂದೆ ನಿಂತೋನೇ. ಬೆಂಗಳೂರಿನ ಒಂದು ದೊಡ್ಡ ಹೋಟೆಲ್ ಲಾಬೀಲಿ ಕೂರೋಕೆ ಅಂತ್ಲೇ ಕಾಫಿ ತಗೊಂಡು, ಒಂದು ಕಾಫಿ ಮುನ್ನೂರ ಎಂಬತ್ತೋ ಏನೋ, ಅದನ್ನ ಎರಡು ಗಂಟೆ ಗುಟುಕು ಗುಟುಕಾಗಿ ಕುಡಿದು, ಕೊನೆಗೆ ಸೆಕ್ಯುರಿಟಿಯವರು ಬಂದು "ಸರ್, ಗೆಸ್ಟಾ?" ಅಂತ ಕೇಳಿ ಮರ್ಯಾದೆಯಿಂದ್ಲೇ ಹೊರಗೆ ಬಿಟ್ಟು ಬಂದ್ರು. ಟಿಕೆಟ್, ಬಸ್ಸು, ಕಾಫಿ, ಒಂದು ಜೆರ್ಸಿ ಎಲ್ಲಾ ಸೇರಿ ಎರಡು ಸೀಸನ್ನಿಗೆ ಇಪ್ಪತ್ತೆರಡು ಸಾವಿರದ ಹತ್ರ ಹೋಯ್ತು. ಬಂದಿದ್ದು ಎರಡು ಸಹಿ. ಅದ್ರಲ್ಲಿ ಒಂದು ಯಾರ್ದು ಅಂತ ಇವತ್ತಿಗೂ ಗೊತ್ತಿಲ್ಲ, ಬಸ್ ಹತ್ತೋ ಗಡಿಬಿಡೀಲಿ ಯಾರೋ ಗೀಚಿ ಹೋದ್ರು.

ಇನ್ನೊಂದು ಅವಮಾನನೂ ಹೇಳ್ತೀನಿ. ಒಮ್ಮೆ ಮಾಲೊಂದರ ಲಿಫ್ಟಲ್ಲಿ ಇಂಡಿಯಾಗೆ ಆಡಿದ ಒಬ್ಬ ಬೌಲರ್ ಸಿಕ್ಕಿದ್ರು, ನಾನು ಮತ್ತೆ ಅವರು ಇಬ್ರೇ. ಪೆನ್ ಇರ್ಲಿಲ್ಲ. ಹೋಗ್ಲಿ ಮಾತಾದ್ರೂ ಆಡೋಣ ಅಂತ ಖುಷೀಲಿ ಇನ್ನೊಬ್ಬ ಬೌಲರ್ ಹೆಸರು ಹಿಡಿದು ಕರೆದ್ಬಿಟ್ಟೆ. ಅವರು ನಕ್ಕು "ಅವನು ನನಗಿಂತ ಉದ್ದ ಇದಾನೆ" ಅಂದು ಮೂರನೇ ಫ್ಲೋರಲ್ಲಿ ಇಳಿದ್ರು. ಆವತ್ತಿಂದ ಸ್ನಾನಕ್ಕೆ ಹೋಗೋವಾಗ ಬಿಟ್ಟು ಬಾಕಿ ಎಲ್ಲಾ ಹೊತ್ತು ಜೇಬಲ್ಲಿ ಎರಡು ಪೆನ್ ಇರತ್ತೆ.

ರಣಜಿ ತಲೆಗೆ ಬಂದಿದ್ದು ಹಳೇ ನೆನಪಿಂದ. 2010ರ ಜನವರೀಲಿ ನಮ್ಮ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಗ್ರೌಂಡಲ್ಲಿ ಕರ್ನಾಟಕ ಮುಂಬೈ ವಿರುದ್ಧ ಆಡಿದ ರಣಜಿ ಫೈನಲ್ ನೆನಪಿರ್ಬೇಕಲ್ಲ, 338 ಚೇಸ್, ಮನೀಶ್ ಪಾಂಡೆ 144, ಕೊನೆಗೆ ಆರೇ ಆರು ರನ್ನಿಂದ ಸೋತಿದ್ದು. ಜನ ಮರ ಹತ್ತಿ ಕೂತಿದ್ರು. ಆ ಗ್ರೌಂಡಲ್ಲಿ ಆಟಗಾರನಿಗೂ ನಮಗೂ ಮಧ್ಯೆ ಎಷ್ಟು ಜಾಗ ಅಂದ್ರೆ ಬೌಂಡರಿ ಲೈನಲ್ಲಿ ನಿಂತೋನು ಸೀನಿದ್ರೆ ನಮಗೆ ಕೇಳ್ಸತ್ತೆ. ಆವತ್ತು ಜನ ಜಾಸ್ತಿ ಅಂತ ಸಹಿ ತಗೊಳೋಕೆ ಆಗ್ಲಿಲ್ಲ. ಆದ್ರೆ ಮಾಮೂಲಿ ಲೀಗ್ ಮ್ಯಾಚಲ್ಲಿ ಅದೇ ಜಾಗ ಖಾಲಿ ಇರತ್ತಲ್ಲಾ ಅಂತ ಹೊಳೆಯೋಕೆ ನಂಗೆ ಏಳು ವರ್ಷ ಬೇಕಾಯ್ತು ನೋಡಿ.

ಮೊದ್ಲ ಸೀಸನ್ ಇಲ್ಲೂ ಫ್ಲಾಪ್. ಮೊದ್ಲ ದಿನ ಬೆಳಗ್ಗೆ ಹೋಗಿ ಪುಸ್ತಕ ಹಿಡಿದು ನಿಂತೆ, ಪ್ಯಾಡ್ ಕಟ್ಟಿ ಕೂತೋನ ಮುಖ ನೋಡಿದ್ರೆ ಕೇಳೋಕೇ ಭಯ. ಸಂಜೆ ನಾಲ್ಕೂವರೆಗೆ ಆಟ ಮುಗಿದ ಮೇಲೆ ಅಂದ್ರೆ ಎಲ್ರಿಗೂ ಬಸ್ ಅರ್ಜೆಂಟ್. ಆಮೇಲೆ ತಿಳೀತು, ನಾಲ್ಕು ದಿನದ ಮ್ಯಾಚಲ್ಲಿ ನಮ್ಮ ದಿನ ಅಂದ್ರೆ ಮೂರನೇ ದಿನ, ಬೆಳಗ್ಗೆ ಎಂಟೂವರೆ ವಾರ್ಮ್‌ಅಪ್ ಮುಗಿಯೋ ಹೊತ್ತು, ಅದು ಬಿಟ್ರೆ ಹನ್ನೊಂದೂವರೆ ಲಂಚಿನ ಕೊನೇ ಹತ್ತು ನಿಮಿಷ. ಮತ್ತೆ ಆಡೋ ಹನ್ನೊಂದು ಜನರಲ್ಲಿ ಇಲ್ಲದೇ ಇರೋರನ್ನ ಹಿಡೀರಿ. ಕೇಸರಿ ಬಣ್ಣದ ಬಿಬ್ ಹಾಕ್ಕೊಂಡು ನೀರಿನ ಬಾಟ್ಲಿ ಹಿಡಿದು ದಿನವಿಡೀ ಬೌಂಡರಿ ಸುತ್ತೋ ಹುಡುಗರು. ಅವ್ರನ್ನ ಯಾರೂ ಮಾತಾಡ್ಸಲ್ಲ, ಅವ್ರಿಗೂ ಬೋರು. ನಂಗೆ ಹಾಗೆ ಸಹಿ ಹಾಕಿದೋರಲ್ಲಿ ಇಬ್ರು ಆಮೇಲೆ ಇಂಡಿಯಾ ಕ್ಯಾಪ್ ಹಾಕ್ಕೊಂಡ್ರು. ಹೆಸರು ಹೇಳಲ್ಲ, ಆ ಎರಡು ಸಹಿ ಮೇಲೆ ಈಗ್ಲೇ ಬೇರೆಯವರ ಕಣ್ಣು ಬಿದ್ದಿದೆ.

ಒಂದು ಎಚ್ಚರ. ಪಿಚ್ ಹೆಂಗಿದೆ, ನಾಳೆ ಯಾರ್ ಆಡ್ತಾರೆ, ಇದನ್ನ ಮಾತ್ರ ತಮಾಷೆಗೂ ಕೇಳ್ಬೇಡಿ. ಬೆಟ್ಟಿಂಗ್‌ನೋರಿಗೆ ಒಳಗಿನ ಸುದ್ದಿ ಕೊಡ್ಬಾರ್ದು ಅನ್ನೋ ಆಂಟಿ ಕರಪ್ಷನ್ ಪಾಠ ಕೇಳಿ ಬಂದಿರೋ ಹುಡುಗರು ಅವರು, ತಕ್ಷಣ ಬೆನ್ನು ತಿರುಗಿಸ್ತಾರೆ, ಆ ನಾಲ್ಕು ದಿನ ಮತ್ತೆ ನಿಮ್ಮ ಕಡೆ ಬರಲ್ಲ. ಸೊನ್ನೆಗೆ ಔಟ್ ಆದೋನ ಹತ್ರ ಹೋಗ್ಬಾರ್ದು ಅಂತ ಬೇರೆ ಹೇಳ್ಬೇಕಾ?

ನಿಜವಾದ ತಿರುವು ಬಂದಿದ್ದು ಶೀಟಿಂದ. ಖಾಲಿ ಪುಸ್ತಕ ಚಾಚೋದು ಬಿಟ್ಟೆ. ಆಟಗಾರ ತಾನೇ ಮರೆತಿರೋ ಒಂದು ಇನ್ನಿಂಗ್ಸು, ಅದರ ಪೂರ್ತಿ ಸ್ಕೋರ್‌ಕಾರ್ಡನ್ನ ಕೈಯಲ್ಲೇ ಬರೆದು, ಮದುವೆ ಕಾರ್ಡ್ ಹೊಡೆಯೋ ದಪ್ಪ 250 ಜಿಎಸ್ಎಂ ಬೋರ್ಡ್ ಮೇಲೆ ಅವರ ಹೆಸರಿನ ಪಕ್ಕ ಜಾಗ ಬಿಟ್ಟು ಕೊಡೋದು. ಸೆಲ್ಫಿಗೆ ಅಂತ ಅರ್ಧ ನಗು ರೆಡಿ ಮಾಡ್ಕೊಂಡು ಬಂದೋರು ಶೀಟ್ ನೋಡಿ ನಿಂತ್ಬಿಡ್ತಾರೆ. "ಇದೆಲ್ಲಿ ಸಿಕ್ತು ನಿಮಗೆ?" ಅಂತ ಅವರೇ ಕೇಳ್ತಾರೆ, ಮಾತು ಅಲ್ಲಿಂದ ಶುರು. ಎಲ್ಲಿ ಸಿಗತ್ತೆ ಅಂತ ಇಲ್ಲೂ ಹೇಳಲ್ಲ, ಕ್ಷಮಿಸಿ. ಸುನಿಲ್ ಜೋಶಿ 1999ರಲ್ಲಿ ನೈರೋಬೀಲಿ ದಕ್ಷಿಣ ಆಫ್ರಿಕಾ ಮೇಲೆ ಹಾಕಿದ 10-6-6-5 ಸ್ಪೆಲ್ಲಿಗೆ (ಹತ್ತು ಓವರ್, ಆರು ಮೇಡನ್, ಬರೀ ಆರು ರನ್, ಐದು ವಿಕೆಟ್) ಒಂದು ಚಂದದ ಶೀಟ್ ಬರೆದಿಟ್ಟಿದೀನಿ, ವಿಜಯ್ ಭಾರದ್ವಾಜ್ ಅದೇ ವರ್ಷ ರಣಜಿ ಫೈನಲಲ್ಲಿ ಮಧ್ಯಪ್ರದೇಶದ ಆರು ವಿಕೆಟ್ ಕಿತ್ತಿದ್ದಕ್ಕೂ ಒಂದು. ಇಬ್ರೂ ಇನ್ನೂ ಎದುರಾಗಿಲ್ಲ, ಬ್ಯಾಗಲ್ಲಿ ಎರಡೂ ಖಾಯಂ ಇವೆ.

ಇಂಕ್ ವಿಷ್ಯಕ್ಕೆ ಹಾಳು ಮಾಡ್ಕೊಂಡಿದ್ದು ಒಂದೆರಡಲ್ಲ. ಗ್ಲಾಸಿ ಫೋಟೋ ಮೇಲೆ ಬಾಲ್ ಪೆನ್ ಜಾರತ್ತೆ, ಜೆಲ್ ಪೆನ್ ಒಣಗೋ ಮುಂಚೆ ಆಟಗಾರನ ಅಂಗೈಗೇ ಹತ್ತತ್ತೆ, ಮಾರ್ಕರ್ ತೆಳು ಪೇಪರಲ್ಲಿ ಹಿಂದಕ್ಕೆ ಸೋರತ್ತೆ. ಎಲ್ಲಕ್ಕಿಂತ ದೊಡ್ಡ ದಡ್ಡತನ ಅಂದ್ರೆ ನಮ್ಮದೇ ಅಂಗಡೀಲಿ, ನನ್ನ ಕೈಯಾರೆ, ನಾಲ್ಕು ಸಹಿ ಮಾಡಿದ ಫೋಟೋನ ಹಾಟ್ ಲ್ಯಾಮಿನೇಶನ್ ಮಾಡಿದ್ದು. ಮೆಷಿನ್ನಿನ ಆ ಕಡೆಯಿಂದ ಬರೋವಾಗ ನಾಲ್ಕೂ ಸಹಿ ನೀಲಿ ಮೋಡ. ಹೆಂಡ್ತಿ ನಕ್ಕಿದ್ದು ಬೇರೆ. ಕೆಂಪು ಬಾಲ್ ಮೇಲೆ ಸಿಲ್ವರ್ ಪೇಂಟ್ ಮಾರ್ಕರ್ ಚೆನ್ನಾಗಿ ಕಾಣ್ಸತ್ತೆ, ಆದ್ರೆ ಹೊಸ ಬಾಲಿನ ಮೇಲಿರೋ ಪಾಲಿಶ್‌ಗೆ ಮಾರನೇ ದಿನ ಸಿಪ್ಪೆ ಥರ ಏಳತ್ತೆ. ಅದಕ್ಕೆ ಮುಂಚಿನ ರಾತ್ರಿ ಬಾಲಿಗೆ ಒಂದು ಕೆಲಸ ಮಾಡ್ಬೇಕು, ಮೂರು ಬಾಲ್ ಹಾಳಾದ ಮೇಲೆ ಕಲಿತಿದ್ದು, ನೀವೂ ಒಂದೆರಡು ಹಾಳು ಮಾಡ್ಕೊಂಡು ಕಲೀರಿ.

ಮಧ್ಯೆ ಬೇರೆ ಪ್ರಯೋಗನೂ ನಡೀತು. ಹಳೇ ಆಟಗಾರರಿಗೆ ಪೋಸ್ಟಲ್ಲಿ ಶೀಟ್ ಕಳ್ಸಿ, ಒಳಗೆ ನನ್ನ ವಿಳಾಸದ ಸ್ಟಾಂಪ್ ಹಚ್ಚಿದ ಕವರ್ ಇಟ್ಟೆ. ನಲವತ್ತು ಹೋಯ್ತು, ಆರು ವಾಪಸ್ ಬಂತು, ಒಂದ್ರಲ್ಲಿ ಸಹಿ ಮರೆತು ಬರೀ ಆಶೀರ್ವಾದ ಬರೆದಿದ್ರು. ಕಬ್ಬನ್ ಪಾರ್ಕ್ ಒಳಗಿನ ಟೆನಿಸ್ ಸ್ಟೇಡಿಯಮ್ಮಲ್ಲಿ ಚಾಲೆಂಜರ್ ಟೂರ್ನಿ ನಡೆದಾಗ ಹೋದೆ. ಇನ್ನೂರು ಮುನ್ನೂರನೇ ರ‍್ಯಾಂಕಿನ ವಿದೇಶಿ ಹುಡುಗರು ತಾವೇ ರಾಕೆಟ್ ಹೊತ್ಕೊಂಡು ಅಡ್ಡಾಡ್ತಿರ್ತಾರೆ, ಸಹಿ ಕೇಳಿದ್ರೆ ಅವ್ರಿಗೇ ಆಶ್ಚರ್ಯ. ಟೆನಿಸ್ ಬಾಲ್ ಮೇಲೆ ಬರೆಸ್ಬೇಡಿ, ನಾರಿಗೆ ಅಕ್ಷರ ಹರಡ್ಕೊಳತ್ತೆ.

ದೊಡ್ಡ ಸ್ಟಾರ್ ರಣಜಿಗೆ ಬಂದ್ರೆ ಈ ವಿದ್ಯೆ ಕೆಲಸ ಮಾಡಲ್ಲ. 2025ರ ಜನವರೀಲಿ ಡೆಲ್ಲೀಲಿ ಕೊಹ್ಲಿ ರೈಲ್ವೇಸ್ ವಿರುದ್ಧ ಆಡಿದಾಗ ಜನ ಗ್ರೌಂಡಿಗೇ ನುಗ್ಗಿದ್ರು. ಅದೇ ವಾರ ಚಿನ್ನಸ್ವಾಮೀಲಿ ಕೆ.ಎಲ್. ರಾಹುಲ್ ಹರಿಯಾಣ ಮೇಲೆ ಆಡೋಕೆ ಬಂದ್ರು, ನಾನೂ ರಜಾ ಹಾಕಿ ಅಂಗಡಿ ಮುಚ್ಚಿ ಹೋಗಿ ಖಾಲಿ ಕೈಲಿ ವಾಪಸ್ ಬಂದೆ. ಅದಕ್ಕಿಂತ ಹುಬ್ಬಳ್ಳಿ ಎಷ್ಟೋ ಮೇಲು. ಅಲ್ಲಿ ರಾಜನಗರ ಗ್ರೌಂಡಲ್ಲಿ ಕೆಲಸ ಮಾಡೋ ಒಬ್ರು ಹಿರಿಯರು ಮೊದ್ಲ ದಿನವೇ ನನ್ನ ಬ್ಯಾಗ್ ನೋಡಿ "ಇವತ್ತ ಬ್ಯಾಡ್ರಿ ಸರ, ನಾಡದ ಮುಂಜಾನೆ ಬರ್ರಿ, ಆವಾಗ ಎಲ್ಲಾರೂ ಖಾಲಿ ಇರ್ತಾರ" ಅಂದ್ರು. ನಾನು ಎರಡು ಸೀಸನ್ ಸುರಿದು ಕಲ್ತಿದ್ದನ್ನ ಅವರು ಒಂದು ಚಹಾ ಮುಗಿಯೋದ್ರೊಳಗೆ ಹೇಳಿದ್ರು.

ಖರ್ಚು? ಟಿಕೆಟ್ ಫ್ರೀ, ಟ್ರೈನು, ತಿಂಡಿ, ಬೋರ್ಡು, ಮಾರ್ಕರು ಎಲ್ಲಾ ಸೇರಿ ಒಂದು ಸೀಸನ್ನಿಗೆ ನಾಲ್ಕು ನಾಲ್ಕೂವರೆ ಸಾವಿರ. ಸಹಿ ಇಪ್ಪತ್ತು ಗ್ಯಾರಂಟಿ.

ನಮ್ಮ ಗೆಳೆಯ ಬಾಯಿ ಮುಚ್ಚಿದ್ದು ಒಂದು ಶೀಟ್ ನೋಡಿ. ಸ್ಕೋರ್‌ಕಾರ್ಡಿನ ಕೆಳಗೆ ಮ್ಯಾಚ್ ರೆಫರಿ ಹೆಸರು ಇರತ್ತೆ, ಯಾರೂ ಓದಲ್ಲ. ಎಷ್ಟೋ ಸಲ ಅವರೂ ಒಂದು ಕಾಲದ ರಣಜಿ ಆಟಗಾರರೇ. ಮೈಸೂರಿನ ಒಂದು ಮ್ಯಾಚಿಗೆ ಹಾಗೆ ಬಂದವರೊಬ್ಬರು ಬೇರೆ ರಾಜ್ಯದ ಪರ ಕರ್ನಾಟಕದ ಮೇಲೇ ಆಡಿದ್ದೋರು. ಶೀಟ್ ರೆಡಿ ಮಾಡಿ ಲಂಚ್ ಮುಗಿಯೋ ಹೊತ್ತಿಗೆ ಅವರು ನೆರಳಿಗೆ ಬಂದಾಗ ಕೊಟ್ಟೆ. ಕನ್ನಡಕ ಹಣೆಗೇರಿಸಿ ಮೇಲಿಂದ ಕೆಳಗೆ ಒಂದೊಂದು ಹೆಸರ ಮೇಲೂ ಬೆರಳಿಟ್ಟು ಓದಿದ್ರು, ಎರಡು ಹೆಸರ ಹತ್ರ ನಿಂತು "ಇವನು ಹೋಗ್ಬಿಟ್ಟ" ಅಂತ ಇಂಗ್ಲಿಷಲ್ಲಿ ಮೆಲ್ಲಗೆ ಅಂದ್ರು. ತಮ್ಮ ಹೆಸರಿಗೆ ಬಂದಾಗ ನನ್ನ ಪೆನ್ ಇಸ್ಕೊಂಡು ನಾನು ಬರೆದಿದ್ದ 41ನ್ನ ಹೊಡೆದು ಹಾಕಿ ಪಕ್ಕದಲ್ಲಿ 47 ಅಂತ ಬರೆದು, ಅದರ ಕೆಳಗೆ ಸಹಿ ಹಾಕಿ, "ರನ್ ಔಟ್, ನನ್ನ ತಪ್ಪಲ್ಲ" ಅಂದ್ರು.

ಮನೆಗೆ ಬಂದು ಹಳೇ ಪೇಪರ್ ಎಲ್ಲಾ ತಿರುವಿ ನೋಡಿದೆ. 41ಏ. ಶೀಟಲ್ಲಿ 47 ಇದೆ, ಫ್ರೇಮ್ ಹಾಕ್ಸಿದೀನಿ.