ಬೀಪ್ ಕೇಳಿ ಸಮಾಧಾನ ಆಗಬೇಡಿ: ವೋಲ್ಟ್, ಆಂಪಿಯರ್ ಅಳೆದು ಕೆಟ್ಟ ಜಾಯಿಂಟ್ ಹಿಡಿದ ನನ್ನ ಅನುಭವ

ಮಲ್ಟಿಮೀಟರಿನಲ್ಲಿ ಓಮ್ ರೇಂಜ್ ಇರುವಾಗ ವೋಲ್ಟೇಜ್ ಅಳೆದು, ಕರೆಂಟ್ ಅಳೆದು, ಭಾಗಿಸುತ್ತಾ ಕೂರೋದು ಯಾಕೆ ಅಂತ ಕೇಳಿದವರೇ ಜಾಸ್ತಿ. 12 ವೋಲ್ಟ್ ಬ್ಯಾಟರಿ, ಕಾರಿನ ಹೆಡ್‌ಲೈಟ್ ಬಲ್ಬು ಹೊತ್ತು ತಿರುಗುವ ನನ್ನನ್ನು ನೋಡಿ ನಕ್ಕವರೂ ಇದ್ದಾರೆ. ಈಗ ಅದೇ ಬಲ್ಬನ್ನು ಅವರು ಕಡ ಕೇಳುತ್ತಾರೆ.

ಒಂದು ಕೆಲಸದ ಕಥೆಯಿಂದಲೇ ಹೇಳುತ್ತೇನೆ. ಅಲ್ಲಿ ಇದ್ದದ್ದು 3 ಕಿಲೋವ್ಯಾಟ್ ಹೀಟರ್. 230 ವೋಲ್ಟಿಗೆ ಸುಮಾರು 13 ಆಂಪಿಯರ್. ಅದರ ಐಸೊಲೇಟರ್ (ಸಪ್ಲೈ ಕಡಿಯುವ ಸ್ವಿಚ್) ಪೆಟ್ಟಿಗೆ ಕೈ ಇಡಲಾಗದಷ್ಟು ಕಾಯುತ್ತಿತ್ತು. ನನಗಿಂತ ಮೊದಲು ಬಂದವರು ಐಸೊಲೇಟರ್ ಬದಲಿಸಿದ್ದರು, ಮತ್ತೊಮ್ಮೆ ಬದಲಿಸಿದ್ದರು, ಕೊನೆಗೆ ಹೀಟರ್ ಕಾಯಿಲ್ ಕೂಡ ಹೊಸದು ಹಾಕಿದ್ದರು. ಹಣ ಹೋಯಿತು, ಬಿಸಿ ಹೋಗಲಿಲ್ಲ. ತಂತಿ ಕಡಿದಿಲ್ಲ ಎಂದು ಹೇಳುವ ಕಂಟಿನ್ಯುಟಿ ರೇಂಜಿನಲ್ಲಿ ಎಲ್ಲಿ ಮುಟ್ಟಿದರೂ ಮೀಟರ್ ಬೀಪ್ ಅನ್ನುತ್ತಿತ್ತು. ಅನ್ನದೆ ಇರುತ್ತದೆಯೇ? ಬಹಳಷ್ಟು ಮೀಟರ್‌ಗಳು 30 ಓಮ್ ಇದ್ದರೂ ಬೀಪ್ ಮಾಡುತ್ತವೆ. ಓಮ್ ರೇಂಜಿನಲ್ಲಿ 0.4 ಬರುತ್ತಿತ್ತು. ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿದರೂ 0.3, 0.4 ನಡುವೆ ಓಲಾಡುತ್ತಿತ್ತು. ಅಷ್ಟರೊಳಗೆ 0.1 ಓಮ್ ಅಡಗಿ ಕೂತರೆ ಯಾರಿಗೆ ಗೊತ್ತಾಗಬೇಕು?

ನನ್ನ ದಾರಿ ಹೀಗೆ. ಮೇನ್ಸ್ ಪೂರ್ತಿ ಬಿಡಿಸಿದೆ. ಹೀಟರ್ ತುದಿಯಲ್ಲಿ ಕಾಯಿಲ್ ಕಳಚಿ ಎರಡೂ ತಂತಿ ಸೇರಿಸಿದೆ. ಸಪ್ಲೈ ಬರುವ ತುದಿಯಿಂದ ಬ್ಯಾಟರಿ, 55 ವ್ಯಾಟ್ ಬಲ್ಬು, 50 ಆಂಪಿಯರ್ 75 ಮಿಲಿವೋಲ್ಟ್ ಶಂಟ್ (ಕರೆಂಟ್ ಅಳೆಯುವ ಚಿಕ್ಕ ರೆಸಿಸ್ಟರ್, 50 ಆಂಪಿಯರ್ ಹರಿದರೆ ಅದರ ಮೇಲೆ 75 ಮಿಲಿವೋಲ್ಟ್ ಬರುತ್ತದೆ), ಎಲ್ಲವನ್ನೂ ಸೀರೀಸ್‌ನಲ್ಲಿ ಕೊಟ್ಟೆ. ಶಂಟ್ ಮೇಲೆ ಆರೂವರೆ ಮಿಲಿವೋಲ್ಟ್ ಆಸುಪಾಸು ಬಂತು, ಅಂದರೆ 4.3 ಆಂಪಿಯರ್. ಆಮೇಲೆ ಪ್ರೋಬ್ ಹಿಡಿದು ಒಂದೊಂದೇ ಜಾಯಿಂಟ್ ಮೇಲೆ 200 ಮಿಲಿವೋಲ್ಟ್ ರೇಂಜಿನಲ್ಲಿ ಓದುತ್ತಾ ಹೋದೆ. 2, 3, 2 ಮಿಲಿವೋಲ್ಟ್. ಅಂದರೆ ಅರ್ಧ ಮಿಲಿಓಮ್ ಲೆಕ್ಕ, ಏನೂ ತೊಂದರೆ ಇಲ್ಲ. ಒಂದು ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹತ್ತಿರ ಬಂದಾಗ ಮೀಟರ್ ಬರೀ 1 ತೋರಿಸಿ ಸುಮ್ಮನಾಯಿತು. ಓವರ್. 2 ವೋಲ್ಟ್ ರೇಂಜಿಗೆ ಹಾಕಿದರೆ 0.4 ವೋಲ್ಟ್.

4.3ರಿಂದ ಭಾಗಿಸಿ: 93 ಮಿಲಿಓಮ್. 13 ಆಂಪಿಯರ್ ಹರಿದಾಗ 13 ಸಲ 13, ಅದಕ್ಕೆ 0.093 ಗುಣಿಸಿದರೆ ಸುಮಾರು 16 ವ್ಯಾಟ್. ಬೆರಳಿನ ಉಗುರಿನಷ್ಟು ಜಾಗದಲ್ಲಿ ಒಂದು ಚಿಕ್ಕ ಸೋಲ್ಡರಿಂಗ್ ಐರನ್ ಕೂರಿಸಿದ ಹಾಗೆ. ಪಕ್ಕದ ಒಳ್ಳೆಯ ಜಾಯಿಂಟಿನಲ್ಲಿ 0.1 ವ್ಯಾಟ್ ಕೂಡ ಇಲ್ಲ. ಲೋಡಿನಲ್ಲಿ ಅಲ್ಲಿ ಬೀಳುವುದು 1.2 ವೋಲ್ಟ್ ಮಾತ್ರ. 230ರಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಐಸೊಲೇಟರ್ ಬದಲಿಸಿದಾಗಲೆಲ್ಲ ಅದೇ ಹಳೆಯ ಲಗ್ಗನ್ನು ಹೊಸದಕ್ಕೆ ಸಿಕ್ಕಿಸುತ್ತಿದ್ದರು, ನೋಡಿ! ಲಗ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿದೆ. ಖರ್ಚು ಆ ಹೀಟರ್ ಕಾಯಿಲ್ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ.

ಈ ಬಲ್ಬಿಗೆ ಬರುವ ಮೊದಲು ಬೇರೆ ದಾರಿಗಳೂ ಕೈಕೊಟ್ಟಿವೆ. 1 ಆಂಪಿಯರ್ ಸಪ್ಲೈ ಬಳಸಿದರೆ ಒಳ್ಳೆಯ ಜಾಯಿಂಟಿನಲ್ಲಿ ಅರ್ಧ ಮಿಲಿವೋಲ್ಟ್, ಕೊನೆಯ ಅಂಕಿ ಕುಣಿಯುತ್ತಲೇ ಇರುತ್ತದೆ. ವೈರ್‌ವೌಂಡ್ ರೆಸಿಸ್ಟರ್ ಕಾದು ಕರೆಂಟ್ ಜಾರುತ್ತದೆ. ಮೀಟರಿನ 10 ಆಂಪಿಯರ್ ತೂತಿನಲ್ಲಿ ಕರೆಂಟ್ ಹಾಯಿಸಿದ್ದಕ್ಕೆ ಒಂದು ಫ್ಯೂಸ್ ಹೋಯಿತು. ಒಳ್ಳೆಯ ಮೀಟರಿನ ಆ ಫ್ಯೂಸಿನ ಬೆಲೆಗೆ ಅಗ್ಗದ ಮೀಟರೊಂದು ಬರುತ್ತದೆ, ಸುಳ್ಳಲ್ಲ. ಬಲ್ಬಿನ ಫಿಲಮೆಂಟ್ ಬಿಸಿಯಾದ ಮೇಲೆ ಕರೆಂಟನ್ನು ತಾನೇ ಹಿಡಿದಿಡುತ್ತದೆ, ಬ್ಯಾಟರಿ ಸ್ವಲ್ಪ ಇಳಿದರೂ ಓದು ಅಷ್ಟಾಗಿ ಅಲುಗುವುದಿಲ್ಲ. ಮಿಲಿಓಮ್ ಮೀಟರ್ ಕೊಳ್ಳಿ ಅಂದವರಿಗೆ ನನ್ನ ಉತ್ತರ ಇದೇ.

ವೋಲ್ಟ್ ಪ್ರೋಬ್ ಯಾವಾಗಲೂ ಬ್ಯಾಟರಿಯಿಂದ ಕರೆಂಟ್ ಕೊಡುವ ಕ್ಲಿಪ್‌ಗಳ ಒಳಗಡೆ ಇರಲಿ, ಕ್ಲಿಪ್ ಮೇಲೆ ಅಲ್ಲ. ಒಂದು ಮಿಲಿವೋಲ್ಟಿಗಿಂತ ಕಡಿಮೆ ಬಂದರೆ ಬ್ಯಾಟರಿಯ ಪ್ಲಸ್ ಮೈನಸ್ ಅದಲುಬದಲು ಮಾಡಿ ಇನ್ನೊಮ್ಮೆ ಓದಿ, ಮೈನಸ್ ಚಿಹ್ನೆ ಬಿಟ್ಟು ಸರಾಸರಿ ತೆಗೆದುಕೊಳ್ಳಿ. ಲಗ್ ಹಿಂದಿನ ತಂತಿ ಎಳೆಗಳ ಮೇಲೆ ಪ್ರೋಬ್ ಜಾರದಂತೆ ಹಿಡಿಯಲು ನನ್ನದೊಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಲ್ಬಿನ ಹುಚ್ಚು ಹಿಡಿದ ಮೇಲೆ 60 ವ್ಯಾಟಿನ ಹಳೇ ಕಾಲದ ಬಲ್ಬನ್ನೂ ಅಳೆದೆ. ತಣ್ಣಗಿದ್ದಾಗ 65 ಓಮ್ ಸುಮಾರು, ಪೂರ್ತಿ ಉರಿಯುವಾಗ 880. ವೋಲ್ಟೇಜ್ ಅರ್ಧ ಮಾಡಿದರೆ ಕರೆಂಟ್ ಅರ್ಧ ಆಗುವುದಿಲ್ಲ, ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ವ್ಯಾಟ್ ಕಾಲು ಭಾಗದ ಬದಲು ಮೂರನೇ ಒಂದು ಭಾಗ.

ಅಲ್ಲಿಂದ ಮೋಟಾರಿಗೆ ಹೋದೆ. ವೈಂಡಿಂಗಿನ (ಮೋಟಾರಿನೊಳಗಿನ ತಂತಿ ಸುರುಳಿಯ) ಒಳಗಿನ ಬಿಸಿ ತಿಳಿಯಲು ಥರ್ಮಾಮೀಟರ್ ಬೇಡ, ತಾಮ್ರವೇ ಹೇಳುತ್ತದೆ: ಕಾದಂತೆಲ್ಲ ಅದರ ಓಮ್ ಏರುತ್ತದೆ. ತಣ್ಣಗಿದ್ದಾಗ, 28 ಡಿಗ್ರಿಯಲ್ಲಿ, 4.2 ಓಮ್. ಎರಡು ಗಂಟೆ ಓಡಿಸಿ ನಿಲ್ಲಿಸಿದ ಕೂಡಲೇ 5.35. 5.35ನ್ನು 4.2ರಿಂದ ಭಾಗಿಸಿ, ಬಂದದ್ದನ್ನು 234.5 (ತಾಮ್ರಕ್ಕೆ ಬಳಸುವ ಸ್ಥಿರಾಂಕ) ಕೂಡಿಸಿದ 28ಕ್ಕೆ ಗುಣಿಸಿ, ಮತ್ತೆ 234.5 ಕಳೆದರೆ 100 ಡಿಗ್ರಿ. ಹೊರಗಿನ ಬಾಡಿ ಮುಟ್ಟಿದವರು ಅಷ್ಟೇನೂ ಕಾದಿಲ್ಲ ಅಂತಿದ್ದರು! ಇಲ್ಲಿ ಆ ದೊಡ್ಡ ಶಂಟ್ ಉಪಯೋಗಕ್ಕೆ ಬರಲಿಲ್ಲ. 2 ಆಂಪಿಯರಿಗೆ 3 ಮಿಲಿವೋಲ್ಟ್, ಕೊನೆಯ ಅಂಕಿ ಒಂದು ಹೆಚ್ಚುಕಡಿಮೆ ಆದರೆ 10 ಡಿಗ್ರಿ ಆಚೀಚೆ. ಶಂಟ್ ಬದಲು ಕರೆಂಟ್ ಅಳೆಯಲು 0.1 ಓಮ್ ಸೆನ್ಸ್ ರೆಸಿಸ್ಟರ್ ಹಾಕಿದ ಮೇಲೆ ಸರಿಹೋಯಿತು.

ಓಡುವ ಮೋಟಾರಿಗೆ ಮಾತ್ರ ವೋಲ್ಟನ್ನು ಆಂಪಿಯರಿಂದ ಭಾಗಿಸುವ ಈ ಲೆಕ್ಕ ಹಾಕಬೇಡಿ. 230ನ್ನು 4 ಆಂಪಿಯರಿಂದ ಭಾಗಿಸಿದರೆ 57 ಓಮ್ ಅನ್ನುತ್ತದೆ, ಗುಣಿಸಿದರೆ 920 ವ್ಯಾಟ್. ಲೋಡ್ ಇಲ್ಲದೆ ತಿರುಗುವಾಗ ವ್ಯಾಟ್‌ಮೀಟರ್ ಅದರ ಅರ್ಧ ಕೂಡ ತೋರಿಸಲಿಲ್ಲ. ವೈಂಡಿಂಗ್ ಅಳೆಯುವ ಮೊದಲು ಸಪ್ಲೈ ಬಿಡಿಸಿ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ. ಮುಗಿದ ಮೇಲೆ ಮೊದಲು ಮೀಟರ್ ತೆಗೆಯಿರಿ, ಬ್ಯಾಟರಿ ಆಮೇಲೆ. ಕರೆಂಟ್ ತಟ್ಟನೆ ಕಡಿದಾಗ ವೈಂಡಿಂಗ್ ಒದೆಯುವ ವೋಲ್ಟೇಜು 12 ಆಗಿರುವುದಿಲ್ಲ.